ಬಕೆಟ್ಟಿಗೆ ಬೆರಳದ್ದುವ ನರ್ಸಮ್ಮ

ಶಹಾಪುರದ ನಮ್ಮ ಓಣಿಗೆ ಬರುತ್ತಿದ್ದ ನರ್ಸಮ್ಮ, ಚಳಿಗಾಲದಲ್ಲಿ ವಯಸ್ಸಾದವರಿರುವ ಮನೆಗೆ ಬಂದರೆ ನೇರ ಬಚ್ಚಲಿಗೆ ನಡೆದು ಬಕೆಟ್ಟಿನ ನೀರಿಗೆ ಬೆರಳದ್ದುತ್ತಿದ್ದರು. ತಣ್ಣಗಿದ್ದರೆ, "ಮೊದಲ ನೀರು ಕಾಸ್ರಿ, ಆಮ್ಯಾಲ ಮಾತು" ಎನ್ನುತ್ತಿದ್ದರು. ಯಾರ ಮನೆಯಲ್ಲೂ ಕೂತವರಲ್ಲ.

ಆ ವರ್ಷ ನಮ್ಮತ್ತೆ ಗ್ಯಾಸ್ ಉಳಿಸಲೆಂದು ತಣ್ಣೀರಲ್ಲೇ ಜಳಕ ಮಾಡುತ್ತಿದ್ದರು; ಅವರನ್ನು ನೋಡಿ ನಾನೂ ಹಾಗೇ ಮಾಡುತ್ತಿದ್ದೆ. ಕೆಮ್ಮುವುದು ಕೇಳಿಸುತ್ತಿದ್ದರೂ ನಾನು ಸುಮ್ಮನಿದ್ದೆ. ನರ್ಸಮ್ಮ ಬಂದ ದಿನ ಅತ್ತೆ ಏದುಸಿರು ಬಿಡುತ್ತಿದ್ದರು, ತುಟಿ ನೀಲಿಯಾಗಿತ್ತು. ನರ್ಸಮ್ಮ ಅವರಿಗೆ ಕಂಬಳಿ ಹೊದಿಸಿ, ಆಟೋ ಕರೆಸಿ, ತಾವೇ ಆಸ್ಪತ್ರೆಗೆ ಸೇರಿಸಿದರು. ನ್ಯುಮೋನಿಯಾ ಆಗಿತ್ತು. ಗುಣವಾಗಿ ಮನೆಗೆ ಬರಲು ಒಂದು ವಾರ ಹಿಡಿಯಿತು.

ಬಂದ ಮರುದಿನ ನರ್ಸಮ್ಮ ನೋಡಲು ಬಂದಾಗ ಅತ್ತೆ ಗೊಣಗಿದರು: "ಮನಿಗಿ ಭಾರ ಆಗಬಾರದಂತ ಗ್ಯಾಸ್ ಉಳಿಸಿದ್ನಿರಿ."

"ಯವ್ವಾ, ಒಂದು ವಾರ ನಿಮ್ಮ ಸೊಸಿ ಆಸ್ಪತ್ರಿ ನೆಲದ ಮ್ಯಾಲ ಮಲಗ್ಯಾಳ. ಅದು ಭಾರ ಅಲ್ಲೇನ್ರಿ?"

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ನಾಳಿಯಿಂದ ಇಬ್ಬರಿಗೂ ನೀರು ಕಾಸವ್ವ, ನೀನೂ ಬೆಚ್ಚಗ ಜಳಕ ಮಾಡು" ಎಂದರು.

ನರ್ಸಮ್ಮ ಚೀಲ ಕೆಳಗಿಟ್ಟು, ಅತ್ತೆಯ ಪಕ್ಕ ಚಾಪೆಯ ಮೇಲೆ ಕೂತರು. "ಒಂದು ಚಾ ಮಾಡ್ರಿ ಹಂಗಾರ," ಎಂದರು.