ದೊಡ್ಡ ಸಿಸ್ಟರ್‌ಗೆ ಹೇಳದೆ ಉಳಿದದ್ದು

ಹೋದ ವಾರ ಹೂವಿನಹಡಗಲಿಯಿಂದ ಬರುವಾಗ ಬಸ್ಸಿನಲ್ಲಿ ನನ್ನ ಕಾಲ ಹತ್ತಿರವೇ ಮಲ್ಲಿಗೆಯ ಬುಟ್ಟಿಗಳನ್ನು ಇಟ್ಟಿದ್ದರು. ಒದ್ದೆ ಬಟ್ಟೆ ಮುಚ್ಚಿದ ಮೊಗ್ಗು. ಪಕ್ಕದ ಹೆಂಗಸು ಚೀಲದಿಂದ ಸ್ಯಾನಿಟೈಸರ್ ತೆಗೆದು ಕೈಗೆ ಉಜ್ಜಿಕೊಂಡಳು. ಮಲ್ಲಿಗೆ ಮತ್ತು ಸ್ಪಿರಿಟ್ಟಿನ ವಾಸನೆ ಕೂಡಿ ಬಂದದ್ದೇ ತಡ, ಇಪ್ಪತ್ತೈದು ವರ್ಷದ ಹಿಂದಿನ ಮುಖವೊಂದು ಮತ್ತೆ ಎದುರು ಬಂದು ನಿಂತಿತು. ದೊಡ್ಡ ಸಿಸ್ಟರ್...

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನರ್ಸಿಂಗ್ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಕೊಟ್ಟೂರಿನಿಂದ ಮುಕ್ಕಾಲು ಗಂಟೆ ದಾರಿಯ ಹಳ್ಳಿಯೊಂದರ ಸಣ್ಣ ಆಸ್ಪತ್ರೆಗೆ. ಅಲ್ಲಿದ್ದದ್ದು ಒಬ್ಬ ಡಾಕ್ಟರು, ಒಬ್ಬ ಆಯಾ, ಇಬ್ಬರು ನರ್ಸುಗಳು. ಹೊಸಬಳಾದ ನಾನು ಜನರ ಬಾಯಲ್ಲಿ ಸಣ್ಣ ಸಿಸ್ಟರ್ ಆದೆ, ಅವರು ದೊಡ್ಡ ಸಿಸ್ಟರ್. ಹಡಗಲಿಯವರು. ತವರಿನಿಂದ ಬರುವ ಮಲ್ಲಿಗೆ ಮುಡಿಯದೆ ಡ್ಯೂಟಿಗೆ ಬಂದವರಲ್ಲ. ಮಾತು ಕಡಿಮೆ, ಕೈ ಚುರುಕು.

ಅವರದೊಂದು ಅಭ್ಯಾಸ ನನಗೆ ಹಿಡಿಸುತ್ತಿರಲಿಲ್ಲ. ಹುಡುಗಿಯರು ಬಂದರೆ ಹೆಸರು, ಊರು, ನೋವು ಎಲ್ಲವನ್ನೂ ಅವರ ಬಾಯಿಂದಲೇ ಹೇಳಿಸಬೇಕು. ಜೊತೆಗೆ ಬಂದವರು ಬಾಯಿ ಹಾಕಿದರೆ, "ನಿನ್ನ ಕೇಳಿಲ್ಲವ್ವಾ, ಆಕೀನ ಕೇಳೀನಿ" ಎನ್ನುತ್ತಿದ್ದರು. ಸಾಲು ಉದ್ದವಾಗುತ್ತಿತ್ತು. ಇದೇನು ಹಟವೋ ಎಂದು ನಾನು ಒಳಗೊಳಗೇ ಗೊಣಗಿಕೊಳ್ಳುತ್ತಿದ್ದೆ.

ಒಂದು ದಿನ ಡಾಕ್ಟರು ಮೀಟಿಂಗಿಗೆಂದು ಹೋಗಿದ್ದಾಗ, ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಒಂದು ಹುಡುಗಿಯನ್ನು ಕರೆದುಕೊಂಡು ಬಂದಳು. ಹುಡುಗಿ ಹೊಸ ಚೂಡಿದಾರ ಹಾಕಿದ್ದಳು. ಕಾಲಿಗೆ ಅಳತೆ ಮೀರಿದ ಹೊಸ ಚಪ್ಪಲಿ.

"ನಮ್ಮ ತಂಗಿ ಮಗಳ್ರಿ. ಹದಿನೆಂಟು ತುಂಬೇತಿ ಅಂತ ಒಂದು ಚೀಟಿ ಬರಕೊಡ್ರಿ. ಕಂಪನಿ ಕೆಲಸಕ್ಕ ಕೇಳ್ತಾರ" ಎಂದಳು ಹೆಂಗಸು.

ಹುಡುಗಿಯನ್ನು ನೋಡಿದರೆ ಹದಿನಾಲ್ಕು ದಾಟಿದಂತಿರಲಿಲ್ಲ. ದೊಡ್ಡ ಸಿಸ್ಟರ್ ಮುಖದಲ್ಲಿ ಏನೂ ತೋರಿಸಲಿಲ್ಲ. "ಡಾಕ್ಟ್ರು ಬರ್ತಾರ, ಕುಂದ್ರು. ಅಷ್ಟರಾಗ ಈಕಿ ತೂಕ ನೋಡೂನು" ಎಂದು ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದರು. ಹೆಂಗಸು ಹಿಂದೆಯೇ ಎದ್ದಳು. "ಸಣ್ಣ ಸಿಸ್ಟರ್, ಈ ಅಕ್ಕಾರ ಬಿ.ಪಿ. ನೋಡು. ಮುಖ ಬಾಡೇತಿ" ಎಂದು ನನಗೆ ಹೇಳಿದರು. ಆ ದನಿಯಲ್ಲೇ ನನಗೆ ಅರ್ಥವಾಯಿತು, ಇವಳನ್ನು ಹಿಡಿದಿಡಬೇಕು.

ಪಟ್ಟಿ ಸುತ್ತಿ ಗಾಳಿ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಪರದೆಯ ಆಚೆಯ ಮಾತು ಸಣ್ಣಗೆ ಕೇಳುತ್ತಿತ್ತು.

"ಎಲ್ಲಿಗೆ ಹೊಂಟೀಯವ್ವಾ?"

"ಪುಣೆಕ್ಕಂತ್ರಿ. ಮನಿಗೆಲಸ ಅಂತ."

"ನಿಮ್ಮವ್ವಗ ಗೊತ್ತೈತೇನು?"

ಹುಡುಗಿ ಚಪ್ಪಲಿಯನ್ನು ನೆಲಕ್ಕೆ ಉಜ್ಜಿದ ಸದ್ದಾಯಿತು. "ಅವ್ವಗ ಕೊಟ್ಟೂರಾಗ ಅಂಗಡಿ ಕೆಲಸ ಅಂತ ಹೇಳ್ಯಾಳ್ರಿ ಆಂಟಿ... ಇನ್ನೊಬ್ಬಾಕಿ ಅದಾಳ್ರಿ. ಕೊಟ್ಟೂರಾಗ ರೂಮಿನ್ಯಾಗ ಬಿಟ್ಟು ಬಂದೇವಿ."

ಹೆಂಗಸಿಗೂ ಕೇಳಿಸಿರಬೇಕು. ನನ್ನ ಮಣಿಕಟ್ಟು ಹಿಡಿದುಕೊಂಡಳು. ದನಿ ಏರಿಸಲಿಲ್ಲ. "ನೀ ಹೊಸಾಕಿ ಅದಿ. ದಿನಾ ಒಬ್ಬಾಕೀನ ಬಸ್ಸಿಗೆ ಓಡಾಡ್ತಿ. ಬಿಚ್ಚು ಇದನ್ನ" ಎಂದಳು. ಹೊರಗೆ ಕೊಟ್ಟೂರಿಗೆ ಹೋಗುವ ಟ್ರ್ಯಾಕ್ಸ್ ಗಾಡಿ ಹಾರ್ನ್ ಹೊಡೆಯುತ್ತಿತ್ತು. ಕೂಗಿದ್ದರೆ ಆಯಾ ಬರುತ್ತಿದ್ದಳು, ಬಾಗಿಲಲ್ಲಿ ಕುಳಿತಿದ್ದ ರೋಗಿಗಳು ಏಳುತ್ತಿದ್ದರು. ನಾನು ಪಟ್ಟಿ ಬಿಚ್ಚಿದೆ. ಅವಳು ಹೋಗಿ ಟ್ರ್ಯಾಕ್ಸ್ ಹತ್ತಿದಳು.

ದೊಡ್ಡ ಸಿಸ್ಟರ್ ಹೊರಗೆ ಬಂದು, "ಎಲ್ಲಿ ಆಕಿ?" ಎಂದರು.

"ನಾ ಗುಳಿಗಿ ತರಾಕ ಆ ಕಡೆ ಹೋಗಿದ್ದೆ. ಅಷ್ಟರಾಗ ಎದ್ದು ಹೋಗ್ಯಾಳ್ರಿ" ಎಂದೆ.

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಸ್ಪತ್ರೆಯ ಫೋನು ಕೆಟ್ಟು ಬಹಳ ದಿನವಾಗಿತ್ತು. ಎಸ್.ಟಿ.ಡಿ. ಬೂತಿಗೆ ಹೋಗಿ ಪೊಲೀಸರಿಗೆ ಫೋನು ಮಾಡಿದರು. ಬಂದು ಬರೆದುಕೊಡಿ ಎಂಬ ಉತ್ತರ ಬಂತು. ಆಸ್ಪತ್ರೆಯನ್ನು ಆಯಾಳಿಗೆ ಒಪ್ಪಿಸಿ, ಹುಡುಗಿಯನ್ನು ನಡುವೆ ಕೂರಿಸಿಕೊಂಡು ನಾವಿಬ್ಬರೂ ಕೊಟ್ಟೂರಿನ ಬಸ್ಸು ಹತ್ತಿದೆವು.

ಠಾಣೆಯಲ್ಲಿದ್ದವರು, "ತಂದಿ-ತಾಯಿ ಬಂದು ಕಂಪ್ಲೇಂಟ್ ಕೊಡ್ಲಿ ಬಿಡ್ರಿ" ಎಂದರು.

"ಅವರು ಬರೂತನಕ ಆ ಇನ್ನೊಂದು ಕೂಸು ಅಲ್ಲೇ ಇರ್ತದೇನ್ರಿ? ನಾ ಸರ್ಕಾರಿ ನರ್ಸು. ನಾ ಕಂಡೀನಿ, ನಾ ಬರಕೊಡ್ತೀನಿ."

ಬೆಂಚಿನ ಮೇಲೆ ಕುಳಿತು ನನಗೆ ಬರೆಯಲು ಹೇಳಿದರು. "ಕಂಡದ್ದಷ್ಟ ಬರಿ, ಕೇಳಿದ್ದಷ್ಟ ಬರಿ. ಅನುಮಾನ ಇದ್ದದ್ದನ್ನ ಅನುಮಾನ ಅಂತನ ಬರಿ. ಹೆಚ್ಚು ಮಾಡಿ ಬರದ್ರ ಯಾರೂ ನಂಬಂಗಿಲ್ಲ." ಮೊಹರು ಒತ್ತಿದ ನಕಲು ಕೈಗೆ ಬರುವವರೆಗೆ ಬೆಂಚು ಬಿಟ್ಟು ಏಳಲಿಲ್ಲ.

ಪೊಲೀಸರು ಹೋಗುವಷ್ಟರಲ್ಲಿ ಕೊಟ್ಟೂರಿನ ಆ ರೂಮು ಖಾಲಿಯಾಗಿತ್ತು. ಚಪ್ಪಲಿಯ ಎರಡು ಹೊಸ ಡಬ್ಬಿ ಬಿದ್ದಿದ್ದವಂತೆ, ಅಷ್ಟೆ.

ಮರುದಿನ ಗುಡೇಕೋಟೆ ಕಡೆಯಿಂದ ಹುಡುಗಿಯ ಅವ್ವ ಬಂದಳು. ಕುರಿ ಕಾಯುವ ಮನೆತನದವಳು. ಆಸ್ಪತ್ರೆಯ ಕಟ್ಟೆಯ ಮೇಲೆ ಮಗಳ ತಲೆಯನ್ನು ತೊಡೆಗೆ ಒತ್ತಿಕೊಂಡು ಕುಳಿತಳು. ಆ ಹುಡುಗಿಯನ್ನು ದೊಡ್ಡ ಸಿಸ್ಟರೇ ಓಡಾಡಿ ಕೂಡ್ಲಿಗಿಯ ಹಾಸ್ಟೆಲ್ಲಿಗೆ ಸೇರಿಸಿದರು. ಮುಂದೆ ಅವಳು ಓದಿದಳು, ಮದುವೆಯಾದಳು.

ಡಾಕ್ಟರು ಸಿಟ್ಟಾಗಿದ್ದರು. "ಪೊಲೀಸ್ ಕೆಲಸ ನಮಗ್ಯಾಕ್ರಿ ಸಿಸ್ಟರ್?" ಎಂದರು.

"ಆಕೀನ ತಪಾಸಣಿಗೆ ಅಂತ ಕರಕೊಂಡು ಬಂದಿದ್ರು ಸರ್. ತಪಾಸಣಿ ಮಾಡೀನಿ" ಎಂದರು ಇವರು.

ಇನ್ನೊಬ್ಬ ಹುಡುಗಿ ಸಿಗಲೇ ಇಲ್ಲ. ಕೊಟ್ಟೂರಿಗೆ ಹೋದಾಗಲೆಲ್ಲ ದೊಡ್ಡ ಸಿಸ್ಟರ್ ಠಾಣೆಗೆ ಹೋಗಿ ಅವಳ ಹೆಸರು ಹೇಳಿ ವಿಚಾರಿಸುತ್ತಿದ್ದರು. ಸಾಹೇಬರು ಬದಲಾದರೆ ಮೊದಲಿನಿಂದ ಹೇಳುತ್ತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಒಮ್ಮೆ, "ನಾನ ತಡ ಮಾಡಿದೆ. ಒಳಗ ಅಷ್ಟು ಹೊತ್ತು ಕೇಳಬಾರದಿತ್ತು" ಎಂದರು. ಪಕ್ಕದಲ್ಲಿ ಕುಳಿತ ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಆಗಲಾದರೂ ಹೇಳಬಹುದಿತ್ತು...

ಎರಡು ವರ್ಷಕ್ಕೆ ನನಗೆ ಹರಪನಹಳ್ಳಿ ಕಡೆಗೆ ವರ್ಗವಾಯಿತು. ಅವರು ನಿವೃತ್ತರಾಗಿ ಹಡಗಲಿಗೆ ಹೋದರು. ಹಬ್ಬಕ್ಕೊಂದು ಫೋನು, ಆಮೇಲೆ ಅದೂ ಇಲ್ಲ.

ಈಗ ಹೊಸ ನರ್ಸುಗಳಿಗೆ ನಾನೇ ತರಬೇತಿ ಕೊಡುತ್ತೇನೆ. ಯಾವ ಲಕ್ಷಣ ಕಂಡರೆ ಅನುಮಾನ ಪಡಬೇಕು, ಯಾರಿಗೆ ತಿಳಿಸಬೇಕು ಎಂದು ಅಚ್ಚಾದ ಕಾಗದವೇ ಇದೆ. ಹೋದ ತಿಂಗಳು ಹುಡುಗಿಯೊಬ್ಬಳು ಎದ್ದು, "ಮೇಡಂ, ಹೆದರಿಕಿ ಬಂದ್ರ ಏನ್ ಮಾಡ್ಬೇಕ್ರಿ?" ಎಂದು ಕೇಳಿದಳು. ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾನು ಪಟ್ಟಿ ಬಿಚ್ಚಿದ ಕತೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

ದೊಡ್ಡ ಸಿಸ್ಟರ್‌ಗೂ ಹೇಳಿಬಿಡಬೇಕೆಂದು ಹೋದ ವಾರ ಹಡಗಲಿಗೆ ಹೋಗಿದ್ದೆ. ಬಾಗಿಲು ತೆಗೆದ ಅವರ ತಮ್ಮನ ಸೊಸೆ, "ಅತ್ತಿ ತೀರಿಕೊಂಡು ಎರಡು ವರ್ಷ ಆತ್ರಿ. ನೀವು ಯಾರು?" ಎಂದಳು.

"ಸಣ್ಣ ಸಿಸ್ಟರ್" ಎಂದೆ. ಅವಳಿಗೆ ಗೊತ್ತಾಗಲಿಲ್ಲ.