ಗುಂಡಿಯಕ್ಕನ ಸಿಟ್ಟು

ಬೀದಿಯ ತಿರುವಿನಲ್ಲಿ ಲಾಂಡ್ರಿ ಇಟ್ಟುಕೊಂಡಿದ್ದ ಆ ಹೆಂಗಸಿಗೆ ಗುಂಡಿಯಕ್ಕ ಎಂಬ ಹೆಸರು ಅಂಟಿಕೊಂಡದ್ದು ಅವಳ ಹುಚ್ಚಿನಿಂದ. ಇಸ್ತ್ರಿಗೆ ಬಂದ ಅಂಗಿಯಲ್ಲಿ ಒಂದು ಗುಂಡಿ ಇಲ್ಲದಿದ್ದರೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಅದೇ ಬಣ್ಣದ, ಅದೇ ಅಳತೆಯ ಗುಂಡಿಯನ್ನು ಎಲ್ಲಿಂದಾದರೂ ಹುಡುಕಿ ತಂದು ಹೊಲಿದು ಕೊಡುತ್ತಿದ್ದಳು. ಹಾಗೆ ಹುಡುಕಲು ಹೋದಾಗ ಬೇಕಾದ ಒಂದರ ಜೊತೆ ಬೇಡದ ಹತ್ತು ಕೈಗೆ ಬರುತ್ತಿದ್ದವು. ಬರುಬರುತ್ತಾ ಆ ಬೇಡದವುಗಳ ಮೇಲೆಯೇ ಮನಸ್ಸು ಕೂತುಬಿಟ್ಟಿತು. ಗುಜರಿ ಸಂತೆ, ಮುಚ್ಚುತ್ತಿರುವ ಅಂಗಡಿ, ಟೈಲರುಗಳ ಕಸದ ಬುಟ್ಟಿ, ಎಲ್ಲಿ ಹೋದರೂ ಅವಳ ಕಣ್ಣು ನೆಲದ ಮೇಲೆ. ಮದುವೆಮನೆಯಲ್ಲೂ ಅವಳು ಜನರ ಮುಖ ನೋಡುವ ಮೊದಲು ಅವರ ಕೋಟು ನೋಡುತ್ತಾಳೆ ಎಂದು ಮಗಳು ರೇಗಿಸುತ್ತಿದ್ದಳು.

ಗಂಡನದು ಲಾರಿ ವ್ಯವಹಾರ. "ನಮ್ಮನೇಲಿ ಇಬ್ಬರದೂ ಗುಂಡಿ ಪಾಡೇ ಕಣ್ರಯ್ಯಾ. ನಂದು ರಸ್ತೆ ಗುಂಡಿ, ಅವಳದು ಅಂಗಿ ಗುಂಡಿ" ಎಂದು ಅವನು ಬಂದವರೆದುರು ಹೇಳಿ ತಾನೇ ಮೊದಲು ನಗುತ್ತಿದ್ದ. ಅವಳ ಡಬ್ಬಿಗಳನ್ನು ಕಂಡರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಕಾಲಿಗೆ ತಗಲಿದರೆ ಒದ್ದು ಮಂಚದ ಕೆಳಗೆ ತಳ್ಳುತ್ತಿದ್ದ. ಅವಳೂ ಒಂದು ಮಾತು ಆಡದೆ ಅವನ್ನು ಎತ್ತಿ ಬೇರೆ ಕಡೆ ಇಡುತ್ತಿದ್ದಳು. ಅವನಿಂದ ಇದಕ್ಕಾಗಿ ಒಂದು ಕಾಸನ್ನೂ ಕೇಳಿದವಳಲ್ಲ.

ವಯಸ್ಸಾಗುತ್ತಾ ಅವನ ಮಂಡಿ ಕೈಕೊಟ್ಟಿತು. ದೊಡ್ಡ ಕಂಪನಿಯೊಂದು ಬಂದು ಲಾರಿ, ಶೆಡ್ಡು, ಜಾಗ ಎಲ್ಲವನ್ನೂ ಒಟ್ಟಿಗೆ ಕೊಂಡುಕೊಂಡಿತು. ಕೂತು ತಿಂದರೂ ಮೂರು ತಲೆಮಾರಿಗೆ ಸಾಲುವಷ್ಟು ದುಡ್ಡು ಬಂತು. ಹೊಸ ಮನೆ ಬಂತು. "ಇನ್ನು ಯಾರದೋ ಬಟ್ಟೆ ಇಸ್ತ್ರಿ ಮಾಡ್ತಾ ನಿಂತ್ಕೊಂಡಿದ್ರೆ ನನ್ನ ಮರ್ಯಾದೆ ಏನಾಗುತ್ತೆ?" ಎಂದು ಅವನು ಲಾಂಡ್ರಿ ಬಿಡಿಸಿದ. ಅಂಗಡಿಯನ್ನು ಅವಳು ತನ್ನ ಜೊತೆ ದುಡಿಯುತ್ತಿದ್ದ ಹೆಂಗಸಿಗೆ ವಹಿಸಿಕೊಟ್ಟು ಬಂದಳು. ಬರುವಾಗ ಅಳಲಿಲ್ಲ. ಆದರೆ ಆವತ್ತಿನಿಂದಲೇ ಅವಳು ಸಣ್ಣಪುಟ್ಟದ್ದಕ್ಕೂ ಸಿಡುಕತೊಡಗಿದಳು.

ಕೆಲಸವಿಲ್ಲದ ಗಂಡ ಮನೆಯಲ್ಲಿದ್ದರೆ ಏನಾಗುತ್ತದೆ? ಅಡುಗೆಮನೆ ಕಪಾಟಿನಿಂದ ಹಿಡಿದು ನಲ್ಲಿಯ ತಿರುಪಿನವರೆಗೆ ಎಲ್ಲದರಲ್ಲೂ ಮೂಗು ತೂರಿಸಿದ. ಕೊನೆಗೆ ಅವನ ಕಣ್ಣು ಡಬ್ಬಿಗಳ ಮೇಲೆ ಬಿತ್ತು.

"ಅಲ್ಲ ಕಣೇ, ಇಷ್ಟು ವರ್ಷದಿಂದ ಕೂಡಿಡ್ತಾ ಇದ್ದೀಯಲ್ಲ, ಇದರಲ್ಲಿ ಇನ್ನೂ ಏನೇನು ಕಮ್ಮಿ ಇದೆ ಹೇಳು. ತರಿಸಿಬಿಡೋಣ. ಒಂದೇ ಸಲಕ್ಕೆ ಮುಗಿದುಹೋಗಲಿ."

"ಏನು ಕಮ್ಮಿ ಅಂತ ಗೊತ್ತಿದ್ರೆ ಹುಡುಕೋದು ಯಾಕ್ರೀ?"

ಅವನಿಗೆ ಅರ್ಥವಾಗಲಿಲ್ಲ. ಅವನು ಮಗಳಿಗೆ ಫೋನು ಹಚ್ಚಿದ. ಔಷಧಿ ಅಂಗಡಿ ನಡೆಸುತ್ತಿದ್ದ ಮಗಳು ಆ ಭಾನುವಾರವೇ ಬಂದು ತಾಯಿಯ ಎದುರು ಕೂತಳು.

"ಅಮ್ಮ, ಅಪ್ಪ ಆಸೆಪಟ್ಟು ಕೊಡಿಸ್ತೀನಿ ಅಂತಿದ್ದಾರೆ. ನಿನಗಿಷ್ಟ ತಾನೇ? ದುಡ್ಡು ಬೇರೆ ಬ್ಯಾಂಕಲ್ಲಿ ಕೊಳೀತಾ ಬಿದ್ದಿದೆ. ತಗೊಂಡ್ರೆ ಏನು ಕಳ್ಕೋತೀಯ?"

ಗುಂಡಿಯಕ್ಕ ಎದ್ದು ಕಾಫಿಗೆ ಇಟ್ಟಳು. ಹೌದು, ಏನು ಕಳೆದುಕೊಳ್ಳುತ್ತಾಳೆ? ಆ ಪ್ರಶ್ನೆಗೆ ಉತ್ತರ ಸಿಗದೆ ಇಡೀ ವಾರ ಅವಳು ಪಾತ್ರೆ ಪಡಗಗಳ ಮೇಲೆ ಸಿಟ್ಟು ತೀರಿಸಿಕೊಂಡಳು. "ನನಗೆ ಬೇಡ ಅಂದ್ರೆ ಬೇಡ" ಎಂದು ಗಂಡನಿಗೆ ಹೇಳಿದಳು. ಅವನು ಅದನ್ನು ಸಂಕೋಚ ಎಂದುಕೊಂಡ.

ಅಷ್ಟರಲ್ಲಿ ಅವಳ ಅಕ್ಕ ಕಾಲು ಉಳುಕಿಸಿಕೊಂಡು ಮಲಗಿದಳು. ಗುಂಡಿಯಕ್ಕ ನೋಡಿಕೊಳ್ಳಲು ಹೋಗಿ ಅಲ್ಲಿಯೇ ಕೆಲವು ದಿನ ಉಳಿದಳು. ತಿರುಗಿ ಬಂದದ್ದು ಒಂದು ಸಂಜೆ. ಮನೆಯ ಮುಂದೆ ಕಾರುಗಳ ಸಾಲು. ಒಳಗೆ ಗಂಡನ ಲಾರಿ ಕಾಲದ ಗೆಳೆಯರು, ಅವರ ಹೆಂಡತಿಯರು. ಗಂಡ ಬಾಗಿಲಿಗೇ ಬಂದು ಅವಳ ಕೈಯಿಂದ ಚೀಲ ಕಿತ್ತುಕೊಂಡ.

"ಕಣ್ಣು ಮುಚ್ಕೋ. ಮುಚ್ಕೊಳ್ಳೇ ಅಂದ್ರೆ!"

ಅವಳು ಮುಚ್ಚಲಿಲ್ಲ. ಕಣ್ಣು ಬಿಟ್ಟುಕೊಂಡೇ ಹೋದಳು. ಹಿಂದಿನ ಕೋಣೆಯ ಗೋಡೆಗೆ ಗಾಜಿನ ಕಪಾಟು ನಿಂತಿತ್ತು. ಒಳಗೆ ಸಣ್ಣ ಸಣ್ಣ ದೀಪಗಳು. ತಟ್ಟೆ ತಟ್ಟೆಯಲ್ಲಿ ಗುಂಡಿಗಳು. ತೀರಿಕೊಂಡ ಯಾವನೋ ಶ್ರೀಮಂತನ ಸಂಗ್ರಹವನ್ನು ಅವನ ಮಕ್ಕಳಿಂದ ಇಡಿಯಾಗಿ ಕೊಂಡು ತರಿಸಿದ್ದ. ಅದರ ಜೊತೆ ಅವಳ ಡಬ್ಬಿಗಳನ್ನೂ ಬರಿದುಮಾಡಿ, ಎಲ್ಲವನ್ನೂ ಕಲೆಸಿ, ಬಣ್ಣದ ಪ್ರಕಾರ ಜೋಡಿಸಲಾಗಿತ್ತು. ಕೆಂಪಿನ ಪಕ್ಕ ಕಿತ್ತಳೆ, ಕಿತ್ತಳೆಯ ಪಕ್ಕ ಹಳದಿ.

"ಆ ಕಪಾಟು ಮಾಡಿದವನು ಎಂಥಾ ಕಲಾವಿದ ನೋಡು! ನಿನ್ನ ಡಬ್ಬಿಗಳಲ್ಲಿ ಎಲ್ಲಾ ಗೋಜಲಾಗಿತ್ತು ಅಂತ ಅವನೇ ಹೇಳ್ದ."

ಗೋಜಲಲ್ಲ. ಅವಳ ಡಬ್ಬಿಗಳಿಗೆ ಅವಳದೇ ಒಂದು ಲೆಕ್ಕವಿತ್ತು. ಯಾವ ಗುಂಡಿ ಯಾರಿಂದ ಬಂತೋ ಅವರ ಡಬ್ಬಿಗೆ. ಛತ್ರಿ ರಿಪೇರಿಯವನ ಡಬ್ಬಿ, ಮುಚ್ಚಿಹೋದ ಶಾಲೆಯ ಯೂನಿಫಾರಂ ಡಬ್ಬಿ, ಹಳೇ ಮನೆ ಎದುರಿನ ನರ್ಸಮ್ಮನ ಡಬ್ಬಿ. ಎಲ್ಲಕ್ಕಿಂತ ಚಿಕ್ಕದೊಂದರಲ್ಲಿ ಅವಳ ಅಮ್ಮನ ಸ್ವೆಟರಿನಿಂದ ಕತ್ತರಿಸಿಟ್ಟ ನೀಲಿ ಗುಂಡಿಗಳು. ಅವಳು ನೀಲಿ ತಟ್ಟೆಯ ಮುಂದೆ ನಿಂತಳು. ಅದರಲ್ಲಿ ನೀಲಿ ಗುಂಡಿಗಳು ರಾಶಿ ಬಿದ್ದಿದ್ದವು. ಅಮ್ಮನವು ಯಾವುವು? ಬೆರಳಿನಿಂದ ಕೆದಕಿದಳು. ಇದಿರಬಹುದು ಅನ್ನಿಸಿತು, ಅದೂ ಇರಬಹುದು ಅನ್ನಿಸಿತು. ಗೊತ್ತಾಗಲಿಲ್ಲ.

"ಡಬ್ಬಿಗಳು ಎಲ್ಲಿ?"

"ತುಕ್ಕು ಹಿಡಿದಿದ್ವಲ್ಲ, ಗುಜರಿಯವನು ತಗೊಂಡು ಹೋದ. ಅದಿರಲಿ, ಮಧ್ಯದಲ್ಲಿ ಏನಿದೆ ನೋಡೇ!"

ಕಪಾಟಿನ ನಡುವೆ ಕಪ್ಪು ಮಖಮಲ್ಲಿನ ಮೇಲೆ ಹಳೆಯ ಕೋಟಿನ ಗುಂಡಿಗಳ ಒಂದು ಸೆಟ್ಟು ಮಿನುಗುತ್ತಿತ್ತು. ಮುತ್ತಿನ ಚಿಪ್ಪಿನಲ್ಲಿ ಕೆತ್ತಿದವು, ಒಂದೊಂದರಲ್ಲಿ ಒಂದೊಂದು ಹಕ್ಕಿ. ಅವನ್ನು ಕಂಡದ್ದೇ ತಡ, ಅವಳಿಗೆ ಗುರುತು ಸಿಕ್ಕಿತು. ಅವು ಹಳೇ ಬೀದಿಯ ಮುದಿ ಟೈಲರಣ್ಣನವು. ಅವನ ಗುರು ಕೊಟ್ಟು ಹೋದವು. ಎಷ್ಟೋ ವರ್ಷಗಳಿಂದ ಅವಳು ತಿಂಗಳಿಗೊಮ್ಮೆ ಅವನ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಹೊರಡುವ ಮುಂಚೆ, "ಅಣ್ಣಾ, ಹಕ್ಕಿ ತೋರಿಸು" ಎನ್ನುತ್ತಿದ್ದಳು. ಅವನು ತೋರಿಸಿ, "ಕೊಡಲ್ಲ ತಂಗಿ" ಎನ್ನುತ್ತಿದ್ದ. ಅವಳು, "ಕೇಳಿದವರು ಯಾರು?" ಎಂದು ನಗುತ್ತಾ ಎದ್ದು ಬರುತ್ತಿದ್ದಳು.

"ನಿಮಗೆ ಇದರ ವಿಷಯ ಹೇಳಿದ್ದು ಯಾರು?"

"ನೀನೇ ಮಗಳ ಹತ್ರ ಹೇಳ್ಕೊಂಡಿದ್ದೆಯಂತಲ್ಲ. ನಮ್ಮ ಲಾರಿ ಆಫೀಸಿನ ಹಳೇ ಮ್ಯಾನೇಜರನ್ನ ಕಳಿಸ್ದೆ. ಮುದುಕ ಮೊದಲು ಆಗಲ್ಲ ಅಂದನಂತೆ. ರೇಟು ಏರಿಸಿದ್ದೇ ಏರಿಸಿದ್ದು, ಕೊನೆಗೆ ತೆಪ್ಪಗೆ ಕೊಟ್ಟ!" ಎಂದು ಅವನು ಗೆಳೆಯರ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಗೆಳೆಯರು ನಕ್ಕರು. ಒಬ್ಬಳು, "ಪುಣ್ಯವಂತೆ ಕಣ್ರೀ ನೀವು" ಎಂದಳು.

ಆಗ ಅವಳ ಪಿತ್ತ ನೆತ್ತಿಗೇರಿತು.

"ಏನ್ ಪುಣ್ಯ? ಯಾರ ಪುಣ್ಯ? ನಾನು ಸತ್ತುಹೋಗಿದ್ದೀನಾ, ನನ್ನ ಸಾಮಾನೆಲ್ಲ ಗಾಜಿನೊಳಗೆ ಇಟ್ಟು ಜನರನ್ನ ಕರೆಸಿ ತೋರಿಸೋಕೆ? ರೀ, ಇಷ್ಟು ವರ್ಷ ಕಾಲಲ್ಲಿ ಒದ್ರಿ, ಸುಮ್ಮನಿದ್ದೆ. ಲಾಂಡ್ರಿ ಬಿಡಿಸಿದ್ರಿ, ಸುಮ್ಮನಿದ್ದೆ. ಒದ್ದಾಗಲಾದ್ರೂ ಅವು ನನ್ನವಾಗಿದ್ವು. ಈಗ ಇದರಲ್ಲಿ ನಂದು ಯಾವುದು ತೋರಿಸಿ ನೋಡೋಣ? ನಮ್ಮಮ್ಮನ ಗುಂಡಿ ಯಾವುದು ತೋರಿಸ್ರೀ!"

ಗಂಡನ ಮುಖ ಬಿಳಿಚಿ, ಆಮೇಲೆ ಕೆಂಪಾಯಿತು. "ಜನರ ಮುಂದೆ ನನ್ನ ಮಾನ ಕಳೀತೀಯಾ? ನಿನಗೋಸ್ಕರ ನೀರಿನ ಹಾಗೆ ಸುರಿದಿದ್ದೀನಿ!"

"ಸುರಿಯಿರಿ ಅಂತ ಯಾರು ಕೇಳಿದ್ರು? ಬೇಡ ಅಂದಿದ್ದು ಕಿವಿಗೆ ಬೀಳಲಿಲ್ವಾ?"

ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಜಾರಿಕೊಂಡರು. ಅವಳು ಕಪಾಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಗಂಡನ ಜೇಬಿಗೆ ತುರುಕಿದಳು. "ಇದು ನಿಮ್ಮದು. ಧೂಳು ಹೊಡೆಯೋದೂ ನಿಮ್ಮದೇ."

ಮಾರನೆಯ ಬೆಳಿಗ್ಗೆ ಅವಳು ನೇರ ಟೈಲರಣ್ಣನ ಅಂಗಡಿಗೆ ನುಗ್ಗಿದಳು. ಅವನು ಮಿಷನ್ನಿನ ಮೇಲೆ ಬಗ್ಗಿ ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದ. ಮೇಲೆ ಹೊಸ ತಗಡಿನ ಛಾವಣಿ ಥಳಥಳಿಸುತ್ತಿತ್ತು. ಅದನ್ನು ನೋಡಿಯೂ ಅವಳು ನೋಡಲಿಲ್ಲ.

"ನನಗೆ ಕೊಡಲ್ಲ ಅಂದವನು ಅವರಿಗೆ ಹೇಗೆ ಕೊಟ್ಟೆ? ನಾಚಿಕೆ ಆಗ್ಲಿಲ್ವಾ ನಿನಗೆ?"

ಅವನು ಮಿಷನ್ ನಿಲ್ಲಿಸಲಿಲ್ಲ. ಹೊಲಿಗೆ ಮುಗಿಸಿ, ದಾರ ಕಚ್ಚಿ ಕತ್ತರಿಸಿ, ಕನ್ನಡಕ ತೆಗೆದ. ಅವನ ಕಣ್ಣಲ್ಲೂ ಬೆಂಕಿಯಿತ್ತು.

"ನೀನು ಯಾವತ್ತು ಕೇಳಿದ್ದೆ ತಂಗಿ? ಒಂದು ದಿನ? ಬಂದೆ, ಟೀ ಕುಡಿದೆ, ನೋಡಿದೆ, ಹೋದೆ. ಮಳೆ ಬಂದಾಗ ಈ ಮೂಲೇಲಿ ಬಕೆಟ್ ಇಟ್ಟಿರ್ತಿದ್ದೆ, ಆ ಬಕೆಟ್ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿರ್ತಿದ್ದೆ ನೀನು. ಅಣ್ಣಾ ಇದೇನು ಅಂತ ಕೇಳಿದ್ಯಾ? ನಿಮ್ಮ ಮನೇಲಿ ಲಾರಿಗಟ್ಟಲೆ ದುಡ್ಡಿತ್ತು. ನಿನಗೆ ಅದು ಆಟ. ಕೊಡಲ್ಲ ಅನ್ನೋದು, ಕೇಳಿದವರು ಯಾರು ಅನ್ನೋದು. ನಾನೂ ಆಡ್ದೆ. ಎಷ್ಟು ದಿನ ಆಡಲಿ?"

"ನನಗೆ ಹೇಳಬಹುದಿತ್ತಲ್ಲ..."

"ಬಾಯಿಬಿಟ್ಟು ಕೇಳೋಕೆ ನಾನೇನು ಭಿಕ್ಷೆಯವನಾ? ನಿನ್ನ ಗಂಡ ಒರಟ, ಒಪ್ಕೋತೀನಿ. ಆದರೆ ಅವನು ಕಳಿಸಿದ ಮನುಷ್ಯ ಒಳಗೆ ಬಂದ ತಕ್ಷಣ ತಲೆ ಎತ್ತಿ ಛಾವಣಿ ನೋಡ್ದ. ವ್ಯಾಪಾರಕ್ಕೇ ನೋಡಿದ್ದು, ಇರಲಿ. ನೋಡ್ದ ತಾನೇ?"

ಜಗಳವಾಡಲು ಬಂದವಳು ಜಗಳ ಸೋತು ಬೀದಿಗೆ ಇಳಿದಳು. ದಾರಿಯುದ್ದಕ್ಕೂ ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ, ಅಡ್ಡ ಬಂದ ಸೈಕಲ್ಲಿನವನಿಗೂ ಬೈದಳು. ಗಂಡನ ಮೇಲಿನ ಸಿಟ್ಟು ಹಾಗೆಯೇ ಇತ್ತು, ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಅದರ ಪಕ್ಕದಲ್ಲಿ ಈಗ ತನ್ನ ಮೇಲಿನದೂ ಬಂದು ಕೂತಿತ್ತು. ದುಡ್ಡು ತನಗೆ ಸೋಕಬಾರದು ಎಂದು ಅವಳು ಹೆಮ್ಮೆಯಿಂದ ದೂರ ನಿಂತಿದ್ದಳು. ಆ ಹೆಮ್ಮೆಯಲ್ಲಿ ಎದುರಿಗಿದ್ದವನ ಸೋರುವ ಸೂರೇ ಕಂಡಿರಲಿಲ್ಲ. ಗಂಡನಿಗೆ ಗುಂಡಿ ಕಾಣಲಿಲ್ಲ, ತನಗೆ ಬಕೆಟ್ಟು ಕಾಣಲಿಲ್ಲ. ಹಾಗಂತ ಗಂಡ ಮಾಡಿದ್ದು ಸರಿಯಾಗುತ್ತದೆಯೇ? ಖಂಡಿತ ಇಲ್ಲ ಎಂದು ಅವಳು ಜೋರಾಗಿಯೇ ಹೇಳಿಕೊಂಡಳು. ಪಕ್ಕದಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಮನೆಯಲ್ಲಿ ಗಂಡ ಹೆಂಡತಿ ಮುಖ ಊದಿಸಿಕೊಂಡು ಎಷ್ಟೋ ದಿನ ಕಳೆದರು. ಮಗಳು ಮಧ್ಯಸ್ಥಿಕೆಗೆ ಬಂದು ಇಬ್ಬರಿಂದಲೂ ಬೈಸಿಕೊಂಡು ಹೋದಳು. ಒಂದು ದಿನ ಗುಂಡಿಯಕ್ಕ ಹಳೆಯ ಲಾಂಡ್ರಿಯ ಕಡೆ ಹೋಗಿದ್ದಾಗ, ಅಂಗಡಿ ನೋಡಿಕೊಳ್ಳುತ್ತಿದ್ದ ಹೆಂಗಸು ಒಂದು ಸುದ್ದಿ ಹೇಳಿದಳು. ಊರಾಚೆ ಇದ್ದ ಗುಂಡಿ ಕಾರ್ಖಾನೆ ಬಾಗಿಲು ಹಾಕುತ್ತಿದೆಯಂತೆ. ಗೋದಾಮಿನಲ್ಲಿ ಉಳಿದದ್ದನ್ನೆಲ್ಲ ಕರಗಿಸಲು ಮಾರುತ್ತಿದ್ದಾರಂತೆ.

ಅವಳು ಹೋಗಿ ನೋಡಿದಳು. ಗೋಡೆಯೆತ್ತರಕ್ಕೆ ಮೂಟೆಗಳು. ಅಚ್ಚು ಸರಿಯಾಗದವು, ತೂತು ತಪ್ಪಿದವು, ಮಾದರಿಗೆಂದು ಒಂದೊಂದೇ ಮಾಡಿ ಬಿಟ್ಟವು, ಯಾವ ಕಾಲದವೋ ಏನೋ, ಎಲ್ಲ ಒಂದರೊಳಗೊಂದು. ಒಂದು ಮೂಟೆಗೆ ಕೈ ಹಾಕಿದಳು. ಮೊಣಕೈವರೆಗೂ ಇಳಿಯಿತು. ಎಷ್ಟೋ ದಿನದ ಮೇಲೆ ಅವಳ ಉಸಿರು ಸಲೀಸಾಗಿ ಆಡಿತು.

ಮನೆಗೆ ಬಂದು ಗಂಡನ ಎದುರು ನಿಂತಳು. "ನನಗೆ ದುಡ್ಡು ಬೇಕು."

ಮದುವೆಯಾದ ಮೇಲೆ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅವನ ಮುಖ ಅರಳಿತು. ಯಾಕೆ ಎಂದೂ ಕೇಳದೆ ಕೊಟ್ಟ. ಕೊಟ್ಟದ್ದಲ್ಲದೆ ಮಗಳಿಗೆ ಫೋನು ಮಾಡಿ, "ನಿಮ್ಮಮ್ಮ ದಾರಿಗೆ ಬಂದ್ಲು" ಎಂದೂ ಹೇಳಿದ.

ಲಾರಿ ಬಂದು ಅಂಗಳದಲ್ಲಿ ಮೂಟೆ ಇಳಿಸುವಾಗ ಅವನು ಬರಿಗಾಲಲ್ಲಿ ಓಡಿಬಂದ. "ಏನಿದು? ಏನೇ ಇದು? ಕಸ! ಕಾರ್ಖಾನೆ ಕಸಕ್ಕೆ ಅಷ್ಟೂ ಸುರಿದ್ಯಾ? ತಲೆ ಕೆಟ್ಟಿದ್ಯಾ ನಿನಗೆ?"

"ದುಡ್ಡು ಕೊಳೀತಿದೆ ಅಂತ ಅಪ್ಪ ಮಗಳು ಅಂತಿದ್ರಲ್ಲ."

"ಅದಕ್ಕೆ? ಒಂದಾದ್ರೂ ನೆಟ್ಟಗಿದ್ಯಾ ಇದರಲ್ಲಿ?"

"ಗೊತ್ತಿಲ್ಲ. ನೋಡ್ಬೇಕು."

ಅವನು ಆವತ್ತು ಊಟ ಬಿಟ್ಟ. ಅವಳು ಎರಡು ಸಲ ಕರೆದು, ಬರದಿದ್ದಾಗ ತಾನೊಬ್ಬಳೇ ಉಂಡಳು. ನಡುಮನೆಯಲ್ಲಿ ಹಳೆಯ ಬೆಡ್‌ಶೀಟು ಹಾಸಿ ಮೊದಲ ಮೂಟೆ ಸುರಿದಳು. ಲಾಂಡ್ರಿಯ ಹೆಂಗಸು ಮಧ್ಯಾಹ್ನ ಬಿಡುವಾದಾಗ ಬಂದು ಜೊತೆಗೆ ಕೂರತೊಡಗಿದಳು. ಆಮೇಲೆ ಹಳೇ ಬೀದಿಯ ನರ್ಸಮ್ಮನೂ ಬಂದಳು. ಯಾವುದು ಯಾರಿಗೆ, ಎಲ್ಲಿ ಸಿಕ್ಕಿತೋ ಅದರ ಲೆಕ್ಕದಲ್ಲಿ ಹೊಸ ಡಬ್ಬಿಗಳು ತುಂಬತೊಡಗಿದವು. ಟೈಲರಣ್ಣನ ಅಂಗಡಿಗೆ ಗುಂಡಿಯಕ್ಕ ಮತ್ತೆ ಹೋದಳು. ಅವನು ಟೀ ತರಿಸಿದ. ಇಬ್ಬರೂ ಬಿಸಿಲಿನ ವಿಷಯ, ಬೆಲೆಯ ವಿಷಯ ಮಾತಾಡಿದರು. ಕ್ಷಮಿಸು ಎಂದು ಅವಳೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ಹಿಂದಿನ ಸಲಿಗೆ ಬರಲಿಲ್ಲ. ಬರುತ್ತದೆಂದು ಅವಳು ಕಾಯಲೂ ಇಲ್ಲ.

ಗಂಡ ಇವತ್ತಿಗೂ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ ಎಂದು ಗೊಣಗುತ್ತಾನೆ. ಸೋಫಾದ ಸಂದಿಯಲ್ಲಿ, ಬಚ್ಚಲ ಹೊಸ್ತಿಲಲ್ಲಿ, ಅವನ ಬೂಟಿನೊಳಗೆ, ಎಲ್ಲೆಲ್ಲೂ ಗುಂಡಿ. ಮೊನ್ನೆ ಬೆಳಿಗ್ಗೆ ಒಂದನ್ನು ಅಂಗಾಲಲ್ಲಿ ತುಳಿದು, ನೋವಿಗೆ ಕುಂಟಿ, ಬಾಯಿಗೆ ಬಂದದ್ದನ್ನೆಲ್ಲ ಅಂದ. ಅದನ್ನು ಕಿಟಕಿಯಾಚೆ ಎಸೆಯಲು ಕೈ ಎತ್ತಿದವನು ಹೆಂಡತಿಯ ಮುಖ ನೋಡಿ ಕೈ ಇಳಿಸಿದ.

"ಇದನ್ನ ಎಲ್ಲಿಗೆ ಹಾಕ್ಲಿ?" ಎಂದ, ಸಿಡುಕಿಕೊಂಡೇ.

"ಎಲ್ಲಿ ಸಿಕ್ತು ಹೇಳಿ, ಆಮೇಲೆ ಹೇಳ್ತೀನಿ" ಎಂದಳು ಅವಳು, ಅಷ್ಟೇ ಸಿಡುಕಿನಿಂದ.