ಒದ್ದವರ ಕೈಗೇ ಸ್ಕ್ರೂಡ್ರೈವರ್ ಕೊಡುವ ಚಿಲಕಜ್ಜಿ

ಬೆಳಗ್ಗೆ ಆರೂಕಾಲು. ಹೈಸ್ಕೂಲಿನ ಮೇಲಿನ ಮಹಡಿ, ಹುಡುಗಿಯರ ಶೌಚಾಲಯದ ಮೂರನೇ ಬಾಗಿಲು. ಅದರ ಮುಂದೆ ಒಬ್ಬ ಅಜ್ಜಿ ಚಕ್ಕಂಬಕ್ಕಳ ಹಾಕಿ ಕೂತಿದ್ದಾರೆ. ಕಿವಿಯ ಮೇಲೆ ಪೆನ್ಸಿಲ್, ತುಟಿಗಳ ನಡುವೆ ನಾಲ್ಕು ಸ್ಕ್ರೂ. ನಾನು ಹೆಸರು ಹೇಳಿ, ಪತ್ರಿಕೆಯ ಹೆಸರು ಹೇಳಿ, ಬಂದ ಕಾರಣವನ್ನೂ ಹೇಳಿ ಮುಗಿಸುತ್ತೇನೆ. ಉತ್ತರ "ಉಂ" ಅಂತ ಮಾತ್ರ ಬರುತ್ತದೆ. ಸ್ಕ್ರೂ ಉಗುಳಿ ಮಾತಾಡುವಷ್ಟು ದೊಡ್ಡ ಮನುಷ್ಯ ನಾನಲ್ಲ ಎಂದು ಅಲ್ಲಿಗೇ ತೀರ್ಮಾನವಾಯಿತು.

ಇವರೇ ಚಿಲಕಜ್ಜಿ. ಮಕ್ಕಳಿಟ್ಟ ಹೆಸರು. ಶಾಲೆಯ ಹಾಜರಿ ಪುಸ್ತಕದಲ್ಲಿ ಇವರು ಕಸ ಗುಡಿಸುವ, ಗಂಟೆ ಹೊಡೆಯುವ ಆಯಾ. ಬಾಗಿಲು ರಿಪೇರಿ ಇವರ ಕೆಲಸದ ಪಟ್ಟಿಯಲ್ಲೇ ಇಲ್ಲ. ಬಡಗಿಯಾಗಿದ್ದ ಗಂಡ ಹಾಸಿಗೆ ಹಿಡಿದಾಗ ಅವರ ಚೀಲ ಇವರ ಹೆಗಲಿಗೆ ಬಂತು. ಶಾಲೆಯಲ್ಲಿ ನಲವತ್ತಾರು ಬಾಗಿಲುಗಳಿವೆ. ದಿನಾ ಬೆಳಗ್ಗೆ ಎಲ್ಲವನ್ನೂ ತೆಗೆದು, ಮುಚ್ಚಿ, ಕಿವಿಗೊಟ್ಟು ಕೇಳುತ್ತಾರೆ. ಈ ವರ್ಷ ಇಲ್ಲಿಯವರೆಗೆ ಕಿತ್ತುಬಂದ ಚಿಲಕ ಹತ್ತೊಂಬತ್ತು, ಸೀಳಿದ ಹಲಗೆ ಐದು. ದೊಡ್ಡ ರಜೆ ಮುಗಿದು ಶಾಲೆ ತೆರೆದ ವಾರ ಲೆಕ್ಕ ಒಮ್ಮೆಲೇ ಏರುತ್ತದಂತೆ. "ರಜೇಲಿ ಮನೇಲೇ ಇದ್ದು ಬಂದಿರ್ತಾರಲ್ಲ, ಎಲ್ಲಾ ತುಂಬ್ಕೊಂಡು ಬರ್ತಾರೆ" ಎನ್ನುತ್ತಾರೆ, ಕೊನೆಗೂ ಬಾಯಿಂದ ಸ್ಕ್ರೂ ತೆಗೆದು.

ನಾನು ಬಂದಿರುವುದು ಅವರ ಒಂದು ನಿಯಮದ ಸುದ್ದಿ ಕೇಳಿ. ಬಾಗಿಲು ಒದ್ದವರು ಏಳು ದಿನ ಬೆಳಗ್ಗೆ ಗಂಟೆಗೆ ಮುಂಚೆ ಬಂದು ಅಜ್ಜಿಯ ಜೊತೆ ಕೂತು ಅದೇ ಬಾಗಿಲನ್ನು ಸರಿಮಾಡಬೇಕು. ಹನ್ನೊಂದು ವರ್ಷದ ಹಿಂದೆ ಒಬ್ಬ ಹುಡುಗನನ್ನು ಶಾಲೆಯಿಂದ ತೆಗೆಯಲು ಹೊರಟಾಗ, "ಒಂದು ವಾರ ನನಗೆ ಕೊಡಿ, ಆಮೇಲೆ ಬೇಕಾದ್ರೆ ಕಳಿಸಿ" ಎಂದು ಅಂಗಲಾಚಿದ್ದೇ ಶುರು.

ಇವತ್ತು ಪಕ್ಕದಲ್ಲಿ ಕೂತಿರುವವಳು ಒಂಬತ್ತನೇ ಕ್ಲಾಸಿನ ಹುಡುಗಿ. ಅಜ್ಜಿ ಅವಳನ್ನು 'ಪಟಾಕಿ' ಅಂತ ಕರೆಯುತ್ತಾರೆ. ಮದ್ದು ಮುರಿದ ಬೆಂಕಿಕಡ್ಡಿಗೆ ಗೋಂದು ಹಚ್ಚಿ, ಸ್ಕ್ರೂ ಕಿತ್ತು ದೊಡ್ಡದಾದ ತೂತಿಗೆ ತುಂಬುವ ಕೆಲಸ ಅವಳದು. ಹಾಗೆ ಮಾಡಿದರೆ ಹೊಸ ಸ್ಕ್ರೂ ಬಿಗಿಯಾಗಿ ಕೂರುತ್ತದೆ. ಪಟಾಕಿಗೆ ಇದು ಐದನೇ ದಿನ.

ನಡೆದದ್ದು ಇಷ್ಟು. ಬೆಂಚಿನ ಗೆಳತಿಯ ಜೊತೆ ಪಟಾಕಿ ಫೋನಲ್ಲಿ ಮಾತಾಡುತ್ತಿದ್ದಾಗ, ಹಿಂದೆ ಪಟಾಕಿಯ ಅಪ್ಪ ಅವಳ ಅಮ್ಮನನ್ನು ಬಾಯಿಗೆ ಬಂದಂತೆ ಬೈಯುವುದು ಕೇಳಿಸಿದೆ. ಗೆಳತಿ ಅದನ್ನು ರೆಕಾರ್ಡ್ ಮಾಡಿ, ನಗುವ ಮುಖಗಳ ಸಮೇತ ಕ್ಲಾಸಿನ ಗ್ರೂಪಿಗೆ ಹಾಕಿದ್ದಾಳೆ. ಮರುದಿನ ಪಟಾಕಿ ಅವಳಿಗೆ ಎರಡು ಬಾರಿಸಿದ್ದಾಳೆ. ಗೆಳತಿ ಓಡಿಹೋಗಿ ಇದೇ ಮೂರನೇ ಬಾಗಿಲ ಒಳಗೆ ಚಿಲಕ ಹಾಕಿಕೊಂಡಿದ್ದಾಳೆ. ಪಟಾಕಿ ಚಿಲಕ ಹಾರಿಹೋಗುವವರೆಗೂ ಒದ್ದಿದ್ದಾಳೆ. ಸುತ್ತ ನಿಂತವರಲ್ಲಿ ಬಿಡಿಸಿದವರು ಒಬ್ಬರೂ ಇಲ್ಲ, ಮೊಬೈಲ್ ಎತ್ತಿ ಹಿಡಿದವರು ಮಾತ್ರ ಹನ್ನೆರಡು ಜನ.

ಗೆಳತಿ ಅವತ್ತಿನಿಂದ ಶಾಲೆಗೆ ಬಂದಿಲ್ಲ. ಹೆಡ್ ಮೇಡಂ ಹೇಳಿದ್ದು ಒಂದೇ ಮಾತು: "ಸೋಮವಾರ ಆ ಹುಡುಗಿ ಬಂದು, ಹೆದರಿಕೆ ಇಲ್ಲದೆ ಓಡಾಡಿದ್ರೆ ನೀನೂ ಇರು. ಇಲ್ಲಾಂದ್ರೆ ಟಿಸಿ ತಗೊಂಡು ಹೋಗು."

ನನ್ನ ಚೀಲದಲ್ಲಿ ಪ್ರಶ್ನೆಗಳ ಪಟ್ಟಿಯೇ ಇದೆ. ಮೊದಲನೆಯದು, ಮಕ್ಕಳು ಹೀಗಾಗಲು ಸಿನಿಮಾ, ಮೊಬೈಲ್ ಕಾರಣವೇ? ಅಜ್ಜಿ ನಗುತ್ತಾರೆ. ಮಕ್ಕಳು ತೋರಿಸುವ ಹೊಡೆದಾಟದ ವಿಡಿಯೋಗಳನ್ನೆಲ್ಲ ಅವರೂ ನೋಡುತ್ತಾರೆ. ಎಲ್ಲರೂ ಹೀರೋನ ಕಾಲು ನೋಡಿದರೆ ಇವರು ಬಾಗಿಲಿನ ಕೀಲು ನೋಡುತ್ತಾರೆ. "ಅಯ್ಯೋ ರಾಮ, ಅದು ಬಾಗಿಲೇನ್ರೀ? ಕೀಲೇ ಇಲ್ಲ! ಸುಮ್ನೆ ಒರಗಿಸಿ ಇಟ್ಟಿದ್ದಾರೆ. ನಮ್ಮ ಲ್ಯಾಬಿನ ಬಾಗಿಲು ಒದೀಲಿ ನೋಡೋಣ, ಹೀರೋಗೆ ಪ್ಲಾಸ್ಟರ್ ಹಾಕ್ಬೇಕಾಗತ್ತೆ." ಪಟಾಕಿ ಕಿಸಕ್ಕನೆ ನಗುತ್ತಾಳೆ. ಅವಳ ಕಾಲಿನ ಹೆಬ್ಬೆರಳಿಗೆ ಇನ್ನೂ ಬ್ಯಾಂಡೇಜ್ ಇದೆ.

"ನೋಡ್ತಾ ನೋಡ್ತಾ ಒದೆಯೋದು ಸುಲಭ ಅನ್ಸತ್ತೆ, ಅದು ನಿಜ" ಎಂದು ಅಜ್ಜಿ ಗಂಭೀರವಾಗುತ್ತಾರೆ. "ಆದ್ರೆ ಎಲ್ಲಾದಕ್ಕೂ ಮೊಬೈಲ್ ಮೊಬೈಲ್ ಅಂದ್ರೆ ನಮ್ಮಂಥ ದೊಡ್ಡವರು ತಪ್ಪಿಸ್ಕೊಂಡುಬಿಡ್ತೀವಿ."

ಪಟಾಕಿ ತಲೆ ಎತ್ತದೆ, ಗೋಂದಿನ ಡಬ್ಬಿಗೆ ಹೇಳುವಂತೆ ಹೇಳುತ್ತಾಳೆ. "ನಮ್ಮನೇಲಿ ಅಪ್ಪ ಶುರು ಮಾಡಿದ ತಕ್ಷಣ ಅಮ್ಮ ಟಿವಿ ಜೋರು ಮಾಡ್ತಾಳೆ. ಪಕ್ಕದ ಮನೆಗೆ ಕೇಳಿಸ್ಬಾರ್ದು ಅಂತ. ಯಾರ ಮನೇಲಾದ್ರೂ ಟಿವಿ ಜೋರಾದ್ರೆ ನಾನು ಎದ್ದು ಹೊರಗೆ ಹೋಗ್ಬಿಡ್ತೀನಿ." ನನಗೆ ಬರೆದುಕೊಳ್ಳಲು ಆಗುವುದಿಲ್ಲ. ನನ್ನ ಪಟ್ಟಿಯನ್ನು ಮಡಚಿ ಒಳಗಿಡುತ್ತೇನೆ.

ಮರುದಿನ, ಆರನೇ ದಿನ, ನಾನು ಮತ್ತೆ ಹೋದಾಗ ಪಟಾಕಿಯ ತಾಯಿಯೂ ಬಂದಿದ್ದಾರೆ. ಮೆಟ್ಟಿಲ ಬಳಿ ಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಾರೆ. ಅಜ್ಜಿ ಕೈ ಒರೆಸಿಕೊಂಡು ಹತ್ತಿರ ಹೋಗುತ್ತಾರೆ. "ಮುಂದಿನ ಸಲ ಟಿವಿ ಜೋರು ಮಾಡ್ಬೇಡ ಮಗಳೇ. ಆಫ್ ಮಾಡು. ಪಕ್ಕದ ಮನೆಯವರಿಗೆ ಕೇಳಿಸ್ಲಿ. ನನ್ನ ಮನೆ ಎಲ್ಲಿದೆ ಅಂತ ಗೊತ್ತಲ್ಲ, ಎದ್ದು ಬಾ." ಆ ತಾಯಿ ತುಂಬ ಹೊತ್ತು ಅಳುತ್ತಾರೆ. ಅಜ್ಜಿ ತಮ್ಮ ಫ್ಲಾಸ್ಕಿನ ಟೀ ಕೊಟ್ಟು ಕಳಿಸುತ್ತಾರೆ.

ಅವತ್ತೇ ಚಿಲಕ ಕೂತಿತು. "ಒಳಗೆ ಹೋಗು. ಹಾಕ್ಕೊಂಡು ನೋಡು" ಎಂದರು ಅಜ್ಜಿ. ಪಟಾಕಿ ಒಳಹೋಗಿ ಚಿಲಕ ಹಾಕಿದಳು. ಅಜ್ಜಿ ಹೊರಗಿನಿಂದ ಬಾಗಿಲಿಗೆ ದಡ್ ಎಂದು ಗುದ್ದಿದರು. "ಏಯ್ ಅಜ್ಜೀ!" ಅಂತ ಒಳಗಿಂದ ನಗು. ಮತ್ತೆ ಗುದ್ದಿದರು. ಮತ್ತೆ, ಮತ್ತೆ. ನಗು ನಿಂತುಹೋಯಿತು. ಆಮೇಲೆ ಸಣ್ಣ ದನಿ: "ಸಾಕು ಅಜ್ಜಿ. ಪ್ಲೀಸ್."

ಬಾಗಿಲು ತೆರೆದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಅಜ್ಜಿ ಅವಳನ್ನು ತಬ್ಬಿಕೊಂಡು ಅಲ್ಲೇ ನೆಲದ ಮೇಲೆ ಕೂತರು. "ಹೊರಗಿರೋದು ನಾನು ಅಂತ ಗೊತ್ತಿತ್ತು ನಿನಗೆ. ಆದ್ರೂ ಹೆದರಿದೆ. ನಿನ್ನ ಗೆಳತಿಗೆ ಹೇಗಾಗಿರ್ಬೇಕು ಹೇಳು?"

ಸ್ವಲ್ಪ ಜಾಸ್ತಿಯಾಯಿತು ಎಂದು ನನಗೆ ಅನಿಸಿತು, ಅಜ್ಜಿಗೆ ಹೇಳಿಯೂಬಿಟ್ಟೆ. ಅವರು ಪಟಾಕಿಯ ಕೂದಲು ಸರಿಮಾಡುತ್ತಾ ಒಪ್ಪಿಕೊಂಡರು. "ಜಾಸ್ತೀನೇ ಆಯ್ತು. ಆದ್ರೆ ಒಳಗಿದ್ದೋರ ಕಷ್ಟ ನನಗೆ ತುಂಬಾ ತಡವಾಗಿ ಗೊತ್ತಾಯ್ತು. ಇವಳಿಗೆ ಬೇಗ ಗೊತ್ತಾಗ್ಲಿ ಅಂತ."

ಆಮೇಲೆ ಪಟಾಕಿಗೂ ನನಗೂ ಹೇಳಿದರು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಗಂಡನಿಗೆ ಆಗಷ್ಟೇ ಕಾಯಿಲೆ ಶುರುವಾಗಿತ್ತು. ಎರಡೆರಡು ಕಡೆ ಕೆಲಸ. ಹದಿನಾಲ್ಕು ವರ್ಷದ ಮಗಳು ಗೆಳತಿಯ ಮನೆಯಿಂದ ತಡವಾಗಿ ಬಂದಳು. ತಾಯಿ ಕೂಗಾಡಿದರು, ಮಗಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. "ಒದ್ದೆ. ನಾನೇ. ಚಿಲಕ ಹಾರಿ ಮಗೂ ಹುಬ್ಬಿಗೆ ತಗುಲ್ತು. ಆಗ ನನ್ನ ಹತ್ರ ಯಾವ ಮೊಬೈಲ್ ಇತ್ತು ಹೇಳಿ? ನಮ್ಮಪ್ಪ ಒದೀತಿದ್ರು, ನಾನು ನೋಡಿದ್ದೆ. ಅಷ್ಟೇ."

ಮಗಳು ಈಗ ಎರಡು ಬೀದಿ ಆಚೆ ಇದ್ದಾರೆ, ಕ್ಲಿನಿಕ್ ಒಂದರಲ್ಲಿ ಕೆಲಸ. ತಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ. ಪ್ರತಿ ಭಾನುವಾರ ಇಬ್ಬರಿಗೂ ಒಟ್ಟಿಗೇ ಊಟ. "ಆದ್ರೆ ಇವತ್ತಿಗೂ ನಮ್ಮನೆ ಬಚ್ಚಲಿಗೆ ಹೋದ್ರೆ ಚಿಲಕ ಹಾಕಿ, ಎರಡು ಸಲ ಎಳೆದು ನೋಡ್ತಾಳೆ. ಟಕ್, ಟಕ್. ಕೇಳಿದ್ರೆ 'ಅಭ್ಯಾಸ ಅಮ್ಮಾ' ಅಂತಾಳೆ."

ಸೋಮವಾರ. ಪಟಾಕಿಯ ಏಳನೇ ದಿನ. ಗಂಟೆಗೆ ಇನ್ನೂ ಹದಿನೈದು ನಿಮಿಷ ಇರುವಾಗ ಗೆಳತಿ ತನ್ನ ತಾಯಿಯ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಾಳೆ. ಹಿಂದೆ ಹೆಡ್ ಮೇಡಂ. ಪಟಾಕಿ ಕಾರಿಡಾರಿನ ಆ ತುದಿಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಾಳೆ. ಗೆಳತಿ ಯಾರನ್ನೂ ನೋಡದೆ ಸೀದಾ ಮೂರನೇ ಬಾಗಿಲಿಗೆ ಹೋಗಿ ಒಳಗೆ ಸೇರಿಕೊಳ್ಳುತ್ತಾಳೆ. ಚಿಲಕ ಬೀಳುವ ಸದ್ದು. ಆಮೇಲೆ ಟಕ್. ಇನ್ನೊಮ್ಮೆ ಟಕ್. ಅಜ್ಜಿ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಹೊರಗೆ ಬಂದವಳು ಕೇಳುತ್ತಾಳೆ, "ಗಟ್ಟಿ ಇದೆ. ಯಾರು ಹಾಕಿದ್ದು?"

"ನಾನು" ಎನ್ನುತ್ತಾಳೆ ಪಟಾಕಿ, ಅಷ್ಟು ದೂರದಿಂದಲೇ. "ಇನ್ಯಾವತ್ತೂ ಒದೆಯಲ್ಲ ಕಣೇ. ಸಾರಿ."

"ನಾನು ಆ ಆಡಿಯೋ ಡಿಲೀಟ್ ಮಾಡ್ದೆ. ಆದ್ರೆ ಎಲ್ಲರ ಹತ್ರಾನೂ ಇದೆ. ತಪ್ಪಾಯ್ತು ಕಣೇ."

"ಗೊತ್ತು."

ಅಪ್ಪುಗೆ ಗಿಪ್ಪುಗೆ ಏನೂ ಇಲ್ಲ. ಹೆಡ್ ಮೇಡಂ ಗಡಿಯಾರ ನೋಡಿಕೊಂಡು, "ಏನು ನಿಂತ್ಕೊಂಡು ನೋಡ್ತಿದ್ದೀರ? ನಡೀರಿ ಕ್ಲಾಸಿಗೆ, ಇಬ್ಬರೂ" ಎನ್ನುತ್ತಾರೆ. ಇಬ್ಬರೂ ಎಂಬ ಮಾತು ಕಿವಿಗೆ ಬೀಳುತ್ತಲೇ ಪಟಾಕಿ ಅಜ್ಜಿಯ ಕಡೆ ತಿರುಗಿ, ಸ್ಕ್ರೂಡ್ರೈವರನ್ನು ಅವರ ಕೈಗಿಟ್ಟು ಓಡುತ್ತಾಳೆ. ಗೆಳತಿ ಸ್ವಲ್ಪ ಹಿಂದೆ, ನಿಧಾನವಾಗಿ ನಡೆಯುತ್ತಾಳೆ.

ಅಜ್ಜಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಚೌಕಟ್ಟಿನ ಒಳಮಗ್ಗುಲಲ್ಲಿ ಒಂದು ಸಣ್ಣ ಗೆರೆ ಎಳೆಯುತ್ತಾರೆ. ಹನ್ನೊಂದು ವರ್ಷದಲ್ಲಿ ಅವರ ಜೊತೆ ಕೂತು ಬಾಗಿಲು ರಿಪೇರಿ ಮಾಡಿದ ಮಕ್ಕಳು ಇವಳನ್ನು ಸೇರಿಸಿ ನೂರಾ ಹದಿನೇಳು. ಅದರಲ್ಲಿ ಎರಡನೇ ಸಲ ಒದ್ದು ಬಂದವರೂ ಇದ್ದಾರೆ, ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಅಂಥವರಿಗೆ ಮತ್ತೆ ಏಳು ದಿನ.

ಹೊರಡುವಾಗ ಕೇಳುತ್ತೇನೆ, ನಿಮಗೇನಾದರೂ ಆಗಬೇಕೇ, ಬರೆಯುತ್ತೇನೆ. ಕೆಲಸ ಕಾಯಂ, ಪಿಂಚಣಿ, ಒಂದು ಒಳ್ಳೆ ಡ್ರಿಲ್ ಮಷೀನ್? ಅಜ್ಜಿ ಡ್ರಿಲ್ ಮಷೀನಿನ ಹತ್ತಿರ ಒಂದು ಕ್ಷಣ ತಡೆಯುತ್ತಾರೆ, ಆಸೆ ಇದೆ. ಆಮೇಲೆ ತಲೆ ಅಲ್ಲಾಡಿಸಿ, ಗಂಟೆ ಹೊಡೆಯಲು ಮೆಟ್ಟಿಲಿಳಿಯುತ್ತಾ ಹೇಳುತ್ತಾರೆ:

"ನನ್ನ ಮಗಳು ಒಂದು ಭಾನುವಾರ ಚಿಲಕ ಹಾಕಿ, ಎಳೆದು ನೋಡದೆ ಸುಮ್ನಾಗ್ಲಿ. ಹೊರಗೆ ನಾನಿದ್ದಾಗ."